ಸ್ಟ್ರೆಪ್ಟೊಕಾಕಸ್ ಎಂಬ ಅಣುಜೀವಿಯೂ ಕನ್ನಡ ಶಾಸ್ತ್ರಗದ್ಯವೂ

೧

ಕನ್ನಡಕ್ಕೆ ಶಾಸ್ತ್ರಸಾಹಿತ್ಯವು ಹೊಸದಲ್ಲ. ಕ್ರಿ. ಶ. ೧೨ನೆಯ ಶತಮಾನದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನೂ ಜಗದ್ದಳ ಸೋಮನಾಥನು ಕಲ್ಯಾಣಕಾರಕವನ್ನೂ ರಚಿಸಿದರು. ೧೪ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ಬರೆದನು. ಅರ್ವಾಚೀನ ಕಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ "ವಿಜ್ಞಾನ"ವೆಂಬ ಪತ್ರಿಕೆಯನ್ನು ಹೊರಡಿಸಿ, ಪಶ್ಚಿಮದ ಪ್ರಕೃತಿಶಾಸ್ತ್ರಗಳನ್ನು ಕನ್ನಡದ ಗದ್ಯದಲ್ಲಿ ಹೇಳುವ ಪದ್ಧತಿಗೆ ನಾಂದಿಯನ್ನು ಹಾಡಿದರು. ಅಂದಿನಿಂದ ನೂರು ವರ್ಷಗಳಿಗೂ ಮೇಲ್ಪಟ್ಟು ಈ ಗದ್ಯವು ಬೆಳೆದು ಬಂದಿದೆ. ಪದಕೋಶಗಳೂ ವಿಶ್ವಕೋಶವೂ ಪಠ್ಯಪುಸ್ತಕಗಳೂ ಅದರಿಂದ ಹುಟ್ಟಿವೆ.

ಇಂತಹ ಗದ್ಯದ ಗುಣವನ್ನು ವಿಮರ್ಶಿಸುವಾಗ ಮೊದಲು ಪಾರಿಭಾಷಿಕ ಶಬ್ದಗಳನ್ನು ಎಣಿಸುವುದು ವಾಡಿಕೆಯಾಗಿ ಹೋಗಿದೆ. ಇಂಗ್ಲಿಷಿನ ಒಂದೊಂದು ಶಬ್ದಕ್ಕೂ ಕನ್ನಡದಲ್ಲಿ ಒಂದೊಂದು ಶಬ್ದವು ಇದ್ದರೆ ಭಾಷೆಯು ಶಾಸ್ತ್ರಸಮರ್ಥವೆಂದೂ, ಇಲ್ಲದಿದ್ದರೆ ಅಸಮರ್ಥವೆಂದೂ ತೀರ್ಮಾನಿಸುವವರುಂಟು. ಆದರೆ ಶಾಸ್ತ್ರವೆಂಬುದು ಹೆಸರುಗಳ ಪಟ್ಟಿಯಲ್ಲ. ಹೆಸರಿಸಿದ ವಸ್ತುಗಳಿಗೆ ಪರಸ್ಪರವಾಗಿರುವ ಕಾರ್ಯಕಾರಣಸಂಬಂಧವನ್ನು ತಿಳಿಸುವುದೇ ಅದರ ಕೆಲಸ. ಆದುದರಿಂದ ಶಾಸ್ತ್ರಗದ್ಯಕ್ಕೆ ಬೇರೊಂದು ಒರೆಗಲ್ಲು ಬೇಕು. ಕಾರಣವು ಒಂದು ಕಡೆಯಲ್ಲಿ, ಕಾರ್ಯವು ಬಹುದೂರದ ಮತ್ತೊಂದು ಕಡೆಯಲ್ಲಿ ಕಾಣಿಸುವ ವಿಷಯವೊಂದನ್ನು ತೆಗೆದುಕೊಂಡು, ಅವೆರಡನ್ನೂ ಹೊಂದಿಸಿ ಓದುಗನ ಮನಸ್ಸಿನಲ್ಲಿ ನಿಲ್ಲಿಸುವ ಶಕ್ತಿಯು ಕನ್ನಡ ಗದ್ಯಕ್ಕೆ ಎಷ್ಟು ಬಂದಿದೆ ಎಂದು ನೋಡಬೇಕು. ಸ್ಟ್ರೆಪ್ಟೊಕಾಕಸ್ ಎಂಬ ಅಣುಜೀವಿಯ ವಿಷಯವು ಇಂತಹ ಪರೀಕ್ಷೆಗೆ ಬಹಳ ತಕ್ಕುದು. ಅದನ್ನು ವಿಂಗಡಿಸುವ ಕ್ರಮಗಳು ಹಲವು. ಅದು ತರುವ ರೋಗಗಳು ಇನ್ನೂ ಹಲವು. ಆ ರೋಗಗಳಿಗೆ ಜನರಲ್ಲಿ ರೂಢಿಯಾಗಿರುವ ಹೆಸರುಗಳಾದರೋ ಒಂದಕ್ಕೊಂದು ಸಂಬಂಧವಿಲ್ಲದವು. ಮಗುವಿನ ಗಂಟಲಿನಲ್ಲಿ ಆರಂಭವಾದುದು ವರ್ಷಗಳ ಮೇಲೆ ಗುಂಡಿಗೆಯಲ್ಲಿ ಮುಗಿಯುವ ಈ ಕಥೆಯನ್ನು ಕನ್ನಡದಲ್ಲಿ ಸರಿಯಾಗಿ ಹೇಳದೆ ಹೋದರೆ ಆಗುವ ನಷ್ಟವು ಸಾಹಿತ್ಯಕ್ಕೆ ಮಾತ್ರ ಸೇರಿದುದಲ್ಲ.

೨

ಮೊದಲು ಹೆಸರಿನ ವಿಚಾರ. ೧೮೭೪ರಲ್ಲಿ ವಿಯೆನ್ನದ ಶಸ್ತ್ರವೈದ್ಯ ಬಿಲ್‌ರೋತನು ಕೀವಿನಲ್ಲಿ ಕಂಡ ದುಂಡನೆಯ ಜೀವಿಗಳ ಸಾಲಿಗೆ ಈ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ "ಸ್ಟ್ರೆಪ್ಟೊಸ್" ಎಂದರೆ ತಿರುಚಿದುದು, ಬಾಗುವುದು. "ಕೊಕ್ಕೊಸ್" ಎಂದರೆ ಕಾಳು. ಹೆಣೆದ ಸರದಂತೆ ಕಾಳುಗಳು ಒಂದರ ಮಗ್ಗುಲಲ್ಲಿ ಒಂದು ಸೇರಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುವುದರಿಂದ ಈ ಹೆಸರು ರೂಪಾನುಸಾರಿಯಾದುದು. ೧೮೭೯ರಲ್ಲಿ ಪಾಸ್ಚರನು ಬಾಣಂತಿಯರ ಜ್ವರಕ್ಕೆ ಇಂತಹ ಸರಗಳೇ ಕಾರಣವೆಂದು ಪ್ಯಾರಿಸಿನಲ್ಲಿ ಸಾರಿದನು. ೧೮೮೩ರಲ್ಲಿ ಫೇಲೈಸನನು ವಿಸರ್ಪರೋಗದಿಂದಲೂ, ೧೮೮೪ರಲ್ಲಿ ರೋಸೆನ್‌ಬಾಖನು ಕೀವಿನಿಂದಲೂ ಇವನ್ನು ಬೇರ್ಪಡಿಸಿ ಬೆಳೆಸಿದರು. ಕೀವನ್ನು ಹುಟ್ಟಿಸುವುದೆಂಬ ಅರ್ಥದಲ್ಲಿ ರೋಸೆನ್‌ಬಾಖನು ಇಟ್ಟ "ಪಯೋಜಿನಿಸ್" ಎಂಬ ಹೆಸರು ಇಂದಿಗೂ ನಿಂತಿದೆ.

ಇದನ್ನು ಕನ್ನಡದಲ್ಲಿ ಹೇಳಲು ಮೂರು ದಾರಿಗಳಿವೆ. ಇಂಗ್ಲಿಷಿನ ರೂಪವನ್ನೇ ಕನ್ನಡ ಲಿಪಿಯಲ್ಲಿ ಬರೆಯುವುದು ಒಂದು. ಶೃಂಖಲೆ, ಗೋಲ ಮುಂತಾದ ಸಂಸ್ಕೃತಶಬ್ದಗಳಿಂದ ಸಮಾಸವನ್ನು ಕಟ್ಟುವುದು ಎರಡನೆಯದು. ಸರ, ಗುಂಡು ಮುಂತಾದ ಮನೆಮಾತುಗಳಿಂದ "ಸರಗುಂಡಾಣು"ವಿನಂತಹ ಮಾತನ್ನು ಮಾಡಿಕೊಳ್ಳುವುದು ಮೂರನೆಯದು. ಮೂರನೆಯ ದಾರಿಯಲ್ಲಿ ಒಂದು ವಿಶೇಷವಾದ ಗುಣವಿದೆ. ಗ್ರೀಕನ್ನು ತಿಳಿಯದ ಇಂಗ್ಲಿಷ್ ಓದುಗನಿಗೆ ಮೂಲದ ಹೆಸರು ಏನನ್ನೂ ಕಾಣಿಸದು. "ಸರ"ವೆಂದೊಡನೆ ಕನ್ನಡಿಗನಿಗೆ ಕೊರಳಿನ ಮಣಿಗಳು ಕಣ್ಣಮುಂದೆ ನಿಲ್ಲುವುವು. ಗೊಂಚಲಾಗಿ ಬೆಳೆಯುವ ಸ್ಟ್ಯಾಫಿಲೊಕಾಕಸ್ಸಿಗೂ ಇದಕ್ಕೂ ಇರುವ ಭೇದವು ಸರ, ಗೊಂಚಲು ಎಂಬ ಎರಡು ಮಾತುಗಳಿಂದಲೇ ತಿಳಿದುಹೋಗುವುದು.

ಆದರೆ ಹೆಸರಿನ ಸ್ಪಷ್ಟತೆಯನ್ನು ಕಾಪಾಡುವುದೂ ಅಷ್ಟೇ ಮುಖ್ಯ. ಬ್ಯಾಕ್ಟೀರಿಯಗಳಿಗೆಲ್ಲ "ದಂಡಾಣು"ವೆಂಬ ಹೆಸರನ್ನು ಕೆಲವರು ಬಳಸುವುದುಂಟು. ಹಾಗಾದರೆ ದುಂಡಗಿರುವ ಸ್ಟ್ರೆಪ್ಟೊಕಾಕಸ್ಸು ಒಂದು ಬಗೆಯ ದಂಡವೆಂದು ಹೇಳಿದಂತಾಗುವುದು. ಬ್ಯಾಕ್ಟೀರಿಯವೆಂಬ ಗ್ರೀಕ್ ಮೂಲದ ಶಬ್ದಕ್ಕೂ ಚಿಕ್ಕ ಕೋಲೆಂದೇ ಅರ್ಥವಿರುವುದರಿಂದ ಈ ದೋಷವು ಕನ್ನಡಕ್ಕೆ ಮಾತ್ರ ಅಂಟಿದುದಲ್ಲವೆಂಬುದು ನಿಜ. ಆದರೂ ಪರಭಾಷೆಯಲ್ಲಿ ಅರ್ಥವು ಮರೆತುಹೋಗಿರುವ ದೋಷವನ್ನು ಅರ್ಥವು ಎದ್ದು ಕಾಣುವ ಭಾಷೆಗೆ ತಂದುಕೊಳ್ಳಬೇಕಾದ ಅವಶ್ಯಕತೆಯೇನೂ ಇಲ್ಲ. ಎಲ್ಲಕ್ಕೂ ಅಣುಜೀವಿಯೆಂದೂ, ಉದ್ದನೆಯವಕ್ಕೆ ದಂಡಾಣುವೆಂದೂ, ದುಂಡನೆಯವಕ್ಕೆ ಗುಂಡಾಣುವೆಂದೂ ಹೇಳಿದರೆ ತೊಡಕು ತಾನೇ ಬಿಡುವುದು.

೩

ರೂಪದಿಂದ ಮಾಡಿದ ವಿಂಗಡಣೆಯು ಬಹುಕಾಲ ಸಾಲಲಿಲ್ಲ. ಸರವಾಗಿ ನಿಂತ ಗುಂಡಾಣುಗಳೆಲ್ಲ ಕಣ್ಣಿಗೆ ಒಂದೇ ಬಗೆಯಾಗಿ ಕಂಡರೂ ಕೆಲವು ಮನುಷ್ಯರನ್ನು ಕೊಲ್ಲುವುವು, ಕೆಲವು ಬಾಯಲ್ಲಿಯೇ ಜೀವಮಾನವೆಲ್ಲ ಸುಮ್ಮನೆ ವಾಸಿಸುವುವು. ಆದುದರಿಂದ ಎರಡನೆಯ ಕ್ರಮವು ಹುಟ್ಟಿತು. ೧೯೦೩ರಲ್ಲಿ ಷಾಟ್‌ಮ್ಯುಲರನು ರಕ್ತವನ್ನು ಬೆರೆಸಿದ ಅಗರಿನ ಮೇಲೆ ಇವನ್ನು ಬೆಳೆಸಿ, ಸುತ್ತಣ ರಕ್ತವು ಏನಾಗುವುದೆಂಬುದನ್ನು ನೋಡಿದನು. ೧೯೧೯ರಲ್ಲಿ ಬ್ರೌನನು ಅದಕ್ಕೆ ಆಲ್ಫ, ಬೀಟ, ಗ್ಯಾಮ ಎಂಬ ಹೆಸರುಗಳನ್ನು ಕೊಟ್ಟನು. ಆಲ್ಫ ಬಗೆಯವು ರಕ್ತಕಣಗಳನ್ನು ಅರೆಬರೆಯಾಗಿ ಕೆಡಿಸಿ ಸುತ್ತಲೂ ಹಸುರುಛಾಯೆಯನ್ನು ತರುವುವು. ಬೀಟ ಬಗೆಯವು ಕಣಗಳನ್ನು ಪೂರ್ತಿಯಾಗಿ ಒಡೆದು ತಿಳಿಯಾದ ಮಂಡಲವನ್ನು ಮಾಡುವುವು. ಗ್ಯಾಮ ಬಗೆಯವು ಏನನ್ನೂ ಮಾಡವು. ಇದು ರೂಪವನ್ನು ಬಿಟ್ಟು ಕ್ರಿಯೆಯನ್ನು ಹಿಡಿದ ವಿಂಗಡಣೆ.

ಮೂರನೆಯ ಕ್ರಮವು ೧೯೩೩ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ರೆಬೆಕ್ಕ ಲ್ಯಾನ್ಸ್‌ಫೀಲ್ಡ್ ಎಂಬ ವಿದುಷಿಯಿಂದ ಬಂದಿತು. ಮನುಷ್ಯರು, ದನಗಳು, ಹಾಲು, ಗಿಣ್ಣು ಮುಂತಾದವುಗಳಿಂದ ದೊರೆತ ೧೦೬ ತಳಿಗಳನ್ನು ಆಕೆಯು ತೆಗೆದುಕೊಂಡು, ಅವುಗಳ ಕೋಶಭಿತ್ತಿಯಲ್ಲಿರುವ ಶರ್ಕರದ್ರವ್ಯವನ್ನು ಬಿಸಿಯಾದ ಆಮ್ಲದಿಂದ ಕರಗಿಸಿ ತೆಗೆದು, ಮೊಲದ ರಕ್ತದಿಂದ ಪಡೆದ ಪ್ರತಿದ್ರವದೊಡನೆ ಸೇರಿಸಿದಳು. ಯಾವ ದ್ರವದೊಡನೆ ಯಾವುದು ಗಷ್ಟು ಕಟ್ಟುವುದೆಂಬುದನ್ನು ನೋಡಿ ಅವನ್ನು ೫ ಗಣಗಳಾಗಿ ವಿಂಗಡಿಸಿದಳು. ಮನುಷ್ಯರ ರೋಗಗಳಿಂದ ಬಂದವು ಬಹುಮಟ್ಟಿಗೆ ಎ ಗಣದಲ್ಲಿಯೂ ದನಗಳಿಂದ ಬಂದವು ಬಿ ಗಣದಲ್ಲಿಯೂ ಸೇರಿದುವು. ಹೊರಗೆ ಕಾಣದ ಕವಚದ ಲಕ್ಷಣಕ್ಕೂ ರೋಗದ ನೆಲೆಗೂ ಹೊಂದಿಕೆಯಿರುವುದು ಆಗ ಸ್ಪಷ್ಟವಾಯಿತು. ಎ ಗಣದೊಳಗೂ ಎಂ ಎಂಬ ಪ್ರೋಟೀನಿನ ಭೇದದಿಂದ ಬಗೆಗಳು ಗೊತ್ತಾದುವು. ಇಂದು ವಂಶವಾಹಿಯನ್ನು ಓದಿ ಗುರುತಿಸಿದ ಇಂತಹ ಬಗೆಗಳು ೨೦೦ಕ್ಕೂ ಮೇಲ್ಪಟ್ಟಿವೆ. ಒಂದು ಬಗೆಯಿಂದ ನರಳಿ ಗುಣವಾದ ಮಗುವಿಗೆ ಆ ಬಗೆಯ ವಿಷಯದಲ್ಲಿ ರಕ್ಷೆಯು ದೊರೆತರೂ ಮತ್ತೊಂದು ಬಗೆಯಿಂದ ದೊರೆಯದು. ಮಕ್ಕಳಿಗೆ ಈ ಗಂಟಲುಬೇನೆಯು ಮರುಕಳಿಸುವುದಕ್ಕೂ ಇದಕ್ಕೆ ಲಸಿಕೆಯು ಇನ್ನೂ ಬಳಕೆಗೆ ಬಾರದಿರುವುದಕ್ಕೂ ಇದೊಂದು ಮುಖ್ಯವಾದ ಕಾರಣ.

ಒಂದೇ ವಸ್ತುವಿಗೆ ಮೂರು ವಿಂಗಡಣೆಗಳೇಕೆಂದು ಸಾಹಿತ್ಯದ ಉಪಾಧ್ಯಾಯರು ಆಶ್ಚರ್ಯಪಡಬೇಕಾಗಿಲ್ಲ. ಒಂದೇ ಪದ್ಯವನ್ನು ಗಣದಿಂದ ಅಳೆಯಬಹುದು, ಪ್ರಾಸದಿಂದ ಗುರುತಿಸಬಹುದು, ರಸದಿಂದ ವಿವೇಚಿಸಬಹುದು. ಒಂದೊಂದು ವಿಂಗಡಣೆಗೂ ಒಂದೊಂದು ಪ್ರಯೋಜನವಿದೆ, ಒಂದು ಮತ್ತೊಂದನ್ನು ಅಳಿಸದು. ವಿಷಗಳನ್ನು ಸ್ಥಾವರ, ಜಂಗಮ, ಕೃತ್ರಿಮವೆಂದು ಮೂಲವನ್ನು ಹಿಡಿದು ವಿಂಗಡಿಸುವ ನಮ್ಮ ಪ್ರಾಚೀನ ಪದ್ಧತಿಯೂ ಚಿಕಿತ್ಸೆಯ ಉಪಯೋಗಕ್ಕಾಗಿಯೇ ಹುಟ್ಟಿದುದು.

ಇಲ್ಲಿ ಕನ್ನಡ ಗದ್ಯವು ಎಡವುವ ಸ್ಥಳವು ಬೇರೆ. ಜಾತಿ, ವರ್ಗ, ಗಣ, ಗುಂಪು, ಪಂಗಡ, ಬಗೆ, ತಳಿ ಎಂಬ ಮಾತುಗಳನ್ನು ಒಂದೇ ಪುಟದಲ್ಲಿ ಪರ್ಯಾಯಪದಗಳಂತೆ ಬಳಸುವುದು ಕಂಡುಬರುತ್ತದೆ. ಕಾವ್ಯದಲ್ಲಿ ಪುನರುಕ್ತಿಯನ್ನು ತಪ್ಪಿಸುವುದು ಗುಣವಾಗಬಹುದು. ಶಾಸ್ತ್ರದಲ್ಲಿ ಅದೇ ದೋಷ. ಪಠ್ಯಪುಸ್ತಕಗಳಲ್ಲಿ ರೂಢಿಯಾಗಿರುವಂತೆ ಸ್ಟ್ರೆಪ್ಟೊಕಾಕಸ್ ಎಂಬುದು ಜಾತಿ. ಪಯೋಜಿನಿಸ್ ಎಂಬುದು ಪ್ರಭೇದ. ಲ್ಯಾನ್ಸ್‌ಫೀಲ್ಡಳ ಎ, ಬಿ, ಸಿಗಳಿಗೆ ಗಣವೆಂದೂ, ಎಂ ಪ್ರೋಟೀನಿನ ಭೇದಗಳಿಗೆ ಬಗೆಯೆಂದೂ, ಒಬ್ಬ ರೋಗಿಯಿಂದ ಬೆಳೆಸಿ ತೆಗೆದುದಕ್ಕೆ ತಳಿಯೆಂದೂ ಗೊತ್ತುಮಾಡಿ ಕಡೆಯವರೆಗೂ ಹಾಗೆಯೇ ನಡೆಸಿದರೆ ಓದುಗನು ದಾರಿತಪ್ಪುವುದಿಲ್ಲ.

ಜಾತಿಯನ್ನೂ ಪ್ರಭೇದವನ್ನೂ ಬೆರಸಿದರೆ ಬರುವ ತಪ್ಪು ಸಣ್ಣದಲ್ಲ. "ಸ್ಟ್ರೆಪ್ಟೊಕಾಕಸ್ ಎಂಬುದು ರೋಗಾಣು" ಎಂಬ ವಾಕ್ಯವು ಸುಲಭವಾಗಿದೆ, ನಿಜವಾಗಿಲ್ಲ. ಮನೆಯ ಮೊಸರಿನ ಹೆಪ್ಪಿನಲ್ಲಿ ದೊರೆಯುವ ಅಣುಜೀವಿಗಳಲ್ಲಿ ಒಂದಕ್ಕೆ ೧೯೮೫ರವರೆಗೆ ಸ್ಟ್ರೆಪ್ಟೊಕಾಕಸ್ ಲ್ಯಾಕ್ಟಿಸ್ ಎಂದೇ ಹೆಸರಿದ್ದಿತು. ಆ ವರ್ಷದಲ್ಲಿ ಅದನ್ನು ಲ್ಯಾಕ್ಟೊಕಾಕಸ್ ಎಂಬ ಬೇರೆ ಜಾತಿಗೆ ಸೇರಿಸಿದರು. ಯೋಗರ್ಟ್ ಎಂಬ ಮೊಸರನ್ನು ಮಾಡಲು ಬಳಸುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಎಂಬುದು ಇಂದಿಗೂ ಇದೇ ಜಾತಿಯದು. ೧೯೩೩ರಲ್ಲಿಯೇ ಟಿಲೆಟ್, ಗಾರ್ನರ್ ಎಂಬಿಬ್ಬರು ಈ ಜೀವಿಗಳ ಸ್ರಾವವೊಂದು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವುದನ್ನು ಕಂಡರು. ಅದರಿಂದ ಬಂದ ಸ್ಟ್ರೆಪ್ಟೊಕೈನೇಸ್ ಎಂಬ ಔಷಧವು ಹೃದಯಾಘಾತವಾದ ಅಸಂಖ್ಯಾತ ಜನರಿಗೆ ಪ್ರಾಣವನ್ನು ಉಳಿಸಿಕೊಟ್ಟಿದೆ. ಹಾಲನ್ನು ಹೆಪ್ಪುಹಾಕುವುದೂ ರಕ್ತದ ಹೆಪ್ಪನ್ನು ಕರಗಿಸುವುದೂ ಹೃದಯವನ್ನು ಕೆಡಿಸುವುದೂ ಒಂದೇ ಜಾತಿಯ ಹೆಸರಿನ ಕೆಳಗೆ ಬಂದಿರುವಾಗ, ಜಾತಿಯನ್ನು ನೋಡಿ ಗುಣವನ್ನು ನಿರ್ಣಯಿಸುವುದು ಶಾಸ್ತ್ರಕ್ಕೆ ಒಪ್ಪತಕ್ಕುದಲ್ಲ.

೪

ಇನ್ನು ರೋಗಗಳ ವಿಚಾರ. ಎ ಗಣದ ಸರಗುಂಡಾಣುವು ತರುವ ರೋಗಗಳಿಗೆ ಕನ್ನಡದಲ್ಲಿ ಹೆಸರುಗಳಿಲ್ಲವೆಂದು ಹೇಳುವಂತಿಲ್ಲ. ಗಂಟಲುಬೇನೆ, ಕೀವುಗುಳ್ಳೆ, ವಿಸರ್ಪ, ಬಾಣಂತಿ ಸನ್ನಿ, ಕೀಲುವಾತ, ಎದೆಬೇನೆ ಎಂಬಿವೆಲ್ಲ ಜನರ ಬಾಯಲ್ಲಿಯೂ ಗ್ರಂಥಗಳಲ್ಲಿಯೂ ಇವೆ. ಕೊರತೆಯೇನೆಂದರೆ, ಇವು ನಿಘಂಟಿನ ಬೇರೆ ಬೇರೆ ಮೂಲೆಗಳಲ್ಲಿ ಕುಳಿತಿವೆ. ಇವನ್ನು ಪೋಣಿಸುವ ದಾರವು ಹೆಸರುಗಳಲ್ಲಿ ಇಲ್ಲ.

ವಿಸರ್ಪವನ್ನು ನೋಡಬಹುದು. ಹರಡುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದ ಈ ಹೆಸರು ಚರ್ಮದ ಮೇಲೆ ಕೆಂಪು ಬಾವು ಹರಡುವ ಬಗೆಯನ್ನು ಚೆನ್ನಾಗಿ ತಿಳಿಸುವುದು. ಆದರೆ ಅದೇ ಧಾತುವಿನ ಸರ್ಪಶಬ್ದದಿಂದ ಬಂದ "ಸರ್ಪಸುತ್ತು" ಎಂಬ ಹೆಸರು ಸಂಪೂರ್ಣವಾಗಿ ಬೇರೆಯಾದ, ವೈರಸ್ಸಿನಿಂದ ಬರುವ ರೋಗಕ್ಕೆ ಸಲ್ಲುವುದು. ಆಕಾರವನ್ನು ಹಿಡಿದು ಹೆಸರಿಟ್ಟಾಗ ಕಾರಣಗಳು ಬೇರೆಯಾದವು ಒಂದಾಗುವುವು, ಕಾರಣವು ಒಂದಾದವು ಬೇರೆಯಾಗುವುವು.

ಬಾಣಂತಿ ಸನ್ನಿಯೆಂಬ ಹೆಸರು ಇನ್ನೂ ಹೆಚ್ಚು ವಿಚಾರಾರ್ಹವಾದುದು. ಹೆರಿಗೆಯಾದ ಕೆಲವು ದಿನಗಳಲ್ಲಿ ಜ್ವರವೇರಿ ಬಾಣಂತಿಯು ಬಡಬಡಿಸುವುದನ್ನು ಕಂಡು ಜನರು ಸನ್ನಿಯೆಂದರು. ಸನ್ನಿಪಾತವೆಂಬ ಮೂಲಶಬ್ದವು ದೋಷಗಳ ಕೋಪವನ್ನು ಸೂಚಿಸುವುದರಿಂದ, ಶೀತವಾಯಿತೆಂದೋ ಗಾಳಿ ಸೋಕಿತೆಂದೋ ಜನರು ಕಾರಣವನ್ನು ಊಹಿಸಿದರು. ಹೆರಿಗೆ ಮಾಡಿಸಿದವರ ಕೈಯಿಂದಲೇ ಸೋಂಕು ಬರಬಹುದೆಂಬುದನ್ನು ಆ ಹೆಸರು ಮರೆಸಿತು. ಪಶ್ಚಿಮದಲ್ಲಿಯೂ ಇದು ಸುಲಭವಾಗಿ ತಿಳಿಯಲಿಲ್ಲ. ೧೮೪೩ರಲ್ಲಿ ಅಮೆರಿಕದ ಹೋಮ್ಸನೂ ೧೮೪೭ರಲ್ಲಿ ವಿಯೆನ್ನದ ಸೆಮೆಲ್‌ವೈಸನೂ ವೈದ್ಯರ ಕೈಯೇ ರೋಗವಾಹಕವೆಂದು ಹೇಳಿದಾಗ ವೈದ್ಯಲೋಕವು ಅದನ್ನು ಬೇಗ ಒಪ್ಪಲಿಲ್ಲ. ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆಯು ತೆರೆದ ೧೯೩೫ರಲ್ಲಿಯೇ ಜರ್ಮನಿಯ ಡೋಮಾಕನು ಪ್ರಾಂಟೊಸಿಲ್ ಎಂಬ ಔಷಧದ ಗುಣವನ್ನು ಪ್ರಕಟಿಸಿದನು. ಮರುವರ್ಷ ಲಂಡನ್ನಿನಲ್ಲಿ ಕೋಲ್‌ಬ್ರೂಕನು ಅದನ್ನು ೬೪ ಮಂದಿ ರೋಗಪೀಡಿತ ಬಾಣಂತಿಯರಿಗೆ ಕೊಟ್ಟಾಗ ಸತ್ತವರು ೩ ಮಂದಿ ಮಾತ್ರ. ಅಲ್ಲಿಯವರೆಗೆ ಇಂತಹ ರೋಗಿಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು ಮಂದಿ ಸಾಯುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಿರುವುದು "ವಾತ"ವೆಂಬ ಹೆಸರು. ಎ ಗಣದ ಸರಗುಂಡಾಣುವಿನಿಂದ ಗಂಟಲುಬೇನೆಯು ಬಂದು ಹೋದ ೨ ಅಥವಾ ೩ ವಾರಗಳ ಮೇಲೆ ಕೆಲವು ಮಕ್ಕಳಿಗೆ ಜ್ವರವೂ ದೊಡ್ಡ ಕೀಲುಗಳಲ್ಲಿ ಒಂದರಿಂದ ಮತ್ತೊಂದಕ್ಕೆ ಸರಿಯುವ ಬಾವೂ ನೋವೂ ಕಾಣಿಸುವುವು. ಇದಕ್ಕೆ ಇಂಗ್ಲಿಷಿನಲ್ಲಿ ರುಮ್ಯಾಟಿಕ್ ಜ್ವರವೆಂದೂ ಕನ್ನಡದಲ್ಲಿ ಕೀಲುವಾತದ ಜ್ವರ, ಸಂಧಿವಾತ ಜ್ವರವೆಂದೂ ಹೆಸರುಗಳಿವೆ. ಗ್ರೀಕಿನ "ರ್ಹ್ಯೂಮ" ಎಂಬುದು ದೇಹದಲ್ಲಿ ಹರಿಯುವ ದುಷ್ಟರಸವನ್ನು ಹೇಳುವುದಾದುದರಿಂದ ಅಲ್ಲಿಯೂ ಹೆಸರು ಹಳೆಯ ಮತದ್ದೇ. ಆದರೆ ಕನ್ನಡದಲ್ಲಿ ಸಂಧಿವಾತವೆಂದರೆ ಮುದುಕರ ಮೊಣಕಾಲುನೋವು ಎಂಬ ಅರ್ಥವು ಬಲವಾಗಿ ಬೇರೂರಿದೆ. ಹತ್ತು ವರ್ಷದ ಮಗುವಿಗೆ ಸಂಧಿವಾತವೆಂದರೆ ತಾಯಿಯು ನಂಬುವುದು ಕಷ್ಟ; ನಂಬಿದರೂ ಎಣ್ಣೆ ತಿಕ್ಕಿ ಕಾವು ಕೊಟ್ಟು, ನೋವು ಹೋಯಿತೆಂದು ಸಮಾಧಾನಪಡುವಳು. ಕೀಲುನೋವು ಹೋಗುವುದೇನೋ ನಿಜ. ಹೃದಯಕ್ಕೆ ತಗುಲಿದುದು ಹೋಗದು.

ಈ ವ್ಯಾಪಾರದ ಕ್ರಮವು ಹೀಗಿದೆ. ಗುಂಡಾಣುವಿನ ಎಂ ಪ್ರೋಟೀನಿನಲ್ಲಿಯೂ ಕವಚದ ಶರ್ಕರದ್ರವ್ಯದಲ್ಲಿಯೂ ಕೆಲವು ಭಾಗಗಳು ಮನುಷ್ಯಹೃದಯದ ಪ್ರೋಟೀನುಗಳನ್ನು ಹೋಲುವುವು. ಗುಂಡಾಣುವನ್ನು ಎದುರಿಸಲು ದೇಹವು ಸಿದ್ಧಪಡಿಸಿದ ರಕ್ಷಕಬಲವು ಈ ಹೋಲಿಕೆಯಿಂದ ಮೋಸಹೋಗಿ ತನ್ನ ಹೃದಯದ ಮೇಲೆಯೇ ಬೀಳುವುದು. ಎಡ ಭಾಗದ ದ್ವಿದಳಕವಾಟಕ್ಕೆ ಪೆಟ್ಟು ಹೆಚ್ಚು. ಗಂಟಲಿನ ಸೋಂಕು ಮರುಕಳಿಸಿದಂತೆಲ್ಲ ಪೆಟ್ಟೂ ಮರುಕಳಿಸುವುದು. ಕವಾಟದ ದಳಗಳು ದಪ್ಪವಾಗಿ ಒಂದಕ್ಕೊಂದು ಅಂಟಿಕೊಂಡು, ವರ್ಷಗಳ ಮೇಲೆ ಬಾಗಿಲು ಕಿರಿದಾಗುವುದು. ಇಲ್ಲವೆ ಮುಚ್ಚದೆ ಸೋರುವುದು. ಹುಡುಗಿಯು ಬೆಳೆದು ಗರ್ಭಿಣಿಯಾದಾಗ ಮೊದಲ ಬಾರಿಗೆ ಉಸಿರುಕಟ್ಟಿ, ಆಗ ರೋಗವು ಬೆಳಕಿಗೆ ಬರುವುದೂ ಉಂಟು. ಗಂಟಲುಬೇನೆಗೂ ಈ ಉಸಿರಾಟದ ಕಷ್ಟಕ್ಕೂ ನಡುವೆ ಹತ್ತು ಹದಿನೈದು ವರ್ಷಗಳು ಕಳೆದಿರಬಹುದು. ಇವೆರಡನ್ನೂ ಒಂದೇ ರೋಗದ ಆದಿ ಅಂತ್ಯಗಳೆಂದು ಹೆಸರುಗಳಿಂದ ತಿಳಿಯಲು ಸಾಧ್ಯವಿಲ್ಲ, ಗದ್ಯವೇ ತಿಳಿಸಬೇಕು.

೫

ಈ ಸಂಬಂಧಜ್ಞಾನವು ಎಲ್ಲಿ ಹೆಚ್ಚಾಗಿ ಬೇಕೆಂಬುದನ್ನು ರೋಗದ ಸ್ವಭಾವವೇ ತೋರಿಸುವುದು. ಎ ಗಣದ ಗುಂಡಾಣುವು ಕೆಮ್ಮಿದಾಗ ಸೀನಿದಾಗ ಸಿಡಿಯುವ ಹನಿಗಳಿಂದ ಹರಡುವುದರಿಂದ, ಜನರು ಒತ್ತಾಗಿ ಮಲಗುವ ಕಡೆಯಲ್ಲಿ ಅದಕ್ಕೆ ಬಲ ಹೆಚ್ಚು. ಸೈನಿಕರ ವಸತಿಗಳಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಅಮೆರಿಕದ ವಾರೆನ್ ವಿಮಾನಪಡೆ ನೆಲೆಯಲ್ಲಿ ನಡೆದು ೧೯೫೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗಂಟಲುಬೇನೆಗೆ ಪೆನಿಸಿಲಿನ್ ಪಡೆದ ೭೯೮ ಮಂದಿಯಲ್ಲಿ ೨ ಮಂದಿಗೂ, ಪಡೆಯದ ೮೦೪ ಮಂದಿಯಲ್ಲಿ ೧೭ ಮಂದಿಗೂ ರುಮ್ಯಾಟಿಕ್ ಜ್ವರವು ಬಂದಿತು. ಹೃದಯದ ರೋಗವನ್ನು ಗಂಟಲಿನಲ್ಲಿಯೇ ತಡೆಯಬಹುದೆಂಬುದು ಹೀಗೆ ಸಿದ್ಧವಾಯಿತು.

ಬೆಂಗಳೂರಿನ ಪೂರ್ವಭಾಗವು ಸೈನ್ಯದ ವಸತಿಯಿಂದಲೇ ಬೆಳೆದುದು. ೧೮೦೯ರಲ್ಲಿ ಹಲಸೂರಿನ ಬಳಿ ನೆಲೆಗೊಂಡ ದಂಡು ೧೯೪೯ರಲ್ಲಿ ನಗರದೊಡನೆ ಒಂದೇ ಪೌರಾಡಳಿತಕ್ಕೆ ಸೇರಿತು. ಅದರಿಂದ ಇನ್ನೂ ಪೂರ್ವಕ್ಕೆ, ಕೆರೆಯ ಮಗ್ಗುಲ ಹಳ್ಳಿಯಾಗಿದ್ದ ದೊಡ್ಡನೆಕ್ಕುಂದಿಯು ಈಗ ಕೈಗಾರಿಕೆಗಳಿಂದಲೂ ಎತ್ತರವಾದ ಕಟ್ಟಡಗಳಿಂದಲೂ ಸುತ್ತುವರಿದಿದೆ. ಆ ಕಟ್ಟಡಗಳನ್ನು ಕಟ್ಟಲು ದೂರದೂರದಿಂದ ಬಂದವರ ಬಿಡಾರಗಳಲ್ಲಿ ಒಂದೇ ಕೋಣೆಯಲ್ಲಿ ಒಂದು ಸಂಸಾರವೆಲ್ಲ ಮಲಗುವುದು ಅಪೂರ್ವವಲ್ಲ. ಹಿಂದೆ ಬ್ಯಾರಕ್ಕುಗಳಲ್ಲಿದ್ದ ಒತ್ತಡವೇ ಈ ಬಿಡಾರಗಳಲ್ಲಿಯೂ ಇದೆ. ಇಂತಹ ಊರಿನಲ್ಲಿ ಕನ್ನಡವು ಹಲವರಿಗೆ ಮನೆಮಾತು, ಹಲವರಿಗೆ ತೆಲುಗು, ತಮಿಳು, ಉರ್ದು, ಹಿಂದಿಗಳ ಜೊತೆಯಲ್ಲಿ ಕಲಿತ ಮಾತು. ಕನ್ನಡ ಶಾಲೆಯ ಉಪಾಧ್ಯಾಯರು ಹೇಳಿದುದನ್ನು ಮಗುವು ಮನೆಗೆ ಒಯ್ದು ಬೇರೊಂದು ಭಾಷೆಯಲ್ಲಿ ತಾಯಿಗೆ ಹೇಳಬೇಕಾಗುವುದು. ಸಮಾಸಗಳು ಆ ದಾರಿಯಲ್ಲಿ ಉಳಿಯವು. ಕಾರಣ ಕಾರ್ಯಗಳ ಕಥೆಯು ಮಾತ್ರ ಉಳಿಯುವುದು.

ಈ ಊರಿಗೆ ಬಹಳ ದೂರವಲ್ಲದ ವೈಟ್‌ಫೀಲ್ಡಿನಲ್ಲಿ ೨೦೦೧ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಸಂಸ್ಥೆಯ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯನ್ನು ಹಣವಿಲ್ಲದೆ ಮಾಡುವರು. ನಗರದ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಕಿರಿದಾದ ಕವಾಟವನ್ನು ಬಲೂನಿನಿಂದ ಅಗಲಿಸುವ ಚಿಕಿತ್ಸೆಯು ಬಹುಸಂಖ್ಯೆಯಲ್ಲಿ ನಡೆದಿದೆ. ಇವು ನಾಡಿಗೆ ಕೀರ್ತಿಯನ್ನು ತರುವ ಕೆಲಸಗಳು. ಆದರೆ ಅಲ್ಲಿಗೆ ಬರುವ ರುಮ್ಯಾಟಿಕ್ ಕವಾಟರೋಗಿಗಳ ಬಾಲ್ಯದಲ್ಲಿ ಗಂಟಲುಬೇನೆಯೊಂದು ಗಮನಕ್ಕೆ ಬಾರದೆ ಹೋಗಿರುವುದು. ೨೦೧೫ರ ಅಂದಾಜಿನಂತೆ ಲೋಕದಲ್ಲಿ ೩ ಕೋಟಿ ೩೦ ಲಕ್ಷಕ್ಕೂ ಹೆಚ್ಚು ಜನರಿಗೆ ಈ ಹೃದ್ರೋಗವಿದ್ದಿತು. ಆ ವರ್ಷ ಅದರಿಂದ ಸತ್ತವರು ಸುಮಾರು ೩ ಲಕ್ಷ ೧೯ ಸಾವಿರ. ೨೦೧೮ರಲ್ಲಿ ವಿಶ್ವ ಆರೋಗ್ಯ ಸಭೆಯು ಇದನ್ನು ತಡೆಯಬೇಕೆಂದು ನಿರ್ಣಯವನ್ನು ಅಂಗೀಕರಿಸಿತು. ಬೇನೆಯು ಆರಂಭವಾದ ೯ ದಿನಗಳೊಳಗಾಗಿ ಪೆನಿಸಿಲಿನ್ ಕೊಟ್ಟರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಒಮ್ಮೆ ಆ ಜ್ವರವು ಬಂದವರಿಗೆ ೩ ಅಥವಾ ೪ ವಾರಗಳಿಗೊಮ್ಮೆ ವರ್ಷಗಟ್ಟಲೆ ಚುಚ್ಚುಮದ್ದನ್ನು ಕೊಡಬೇಕು. ಈ ಗುಂಡಾಣುವು ಪೆನಿಸಿಲಿನ್ನಿಗೆ ಇನ್ನೂ ಮಣಿಯುತ್ತಿರುವುದು ಮನುಷ್ಯರ ಭಾಗ್ಯ.

೬

ಹೀಗಿರುವಾಗ ಕನ್ನಡದ ವೈದ್ಯಗದ್ಯವು ಎಷ್ಟರಮಟ್ಟಿಗೆ ತನ್ನ ಕೆಲಸವನ್ನು ಮಾಡಿದೆ? ಅದರಲ್ಲಿ ಸ್ತುತ್ಯವಾದುದು ಬಹಳವಿದೆ. ಡಾ. ಡಿ. ಎಸ್. ಶಿವಪ್ಪನವರು ವೈದ್ಯಕ್ಕೆ ಕನ್ನಡದ ಬೇರಿನ ಮಾತುಗಳನ್ನು ಹುಡುಕಿ ಬಳಸಿದರು. ಬೇನೆ, ಸೋಂಕು, ಉರಿತ, ಗುಂಡಾಣು ಮುಂತಾದ ಮಾತುಗಳಿಗೆ ಶಾಸ್ತ್ರದ ಗೌರವವು ಬಂದುದರಲ್ಲಿ ಅವರ ಪಾಲು ದೊಡ್ಡದು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು "ಕೇಳು ಕಿಶೋರಿ" ಮುಂತಾದ ಗ್ರಂಥಗಳಲ್ಲಿ ಎದುರಿಗೆ ಕುಳಿತವರೊಡನೆ ಮಾತಾಡುವಂತೆ ದೇಹಧರ್ಮವನ್ನು ವಿವರಿಸಿದರು. ಮೊದಲನೆಯವರಿಂದ ಶಬ್ದದ ಬಲವೂ ಎರಡನೆಯವರಿಂದ ಸಂಬೋಧನೆಯ ಬಲವೂ ಭಾಷೆಗೆ ದೊರೆತುವು.

ಆದರೆ ಸಾಮಾನ್ಯವಾದ ಬರವಣಿಗೆಯಲ್ಲಿ ಎರಡು ಶೈಲಿಗಳು ಇನ್ನೂ ಮೇಲುಗೈಯಾಗಿವೆ. ಒಂದರಲ್ಲಿ ಸಮಾಸಗಳು ಒಂದರಮೇಲೊಂದು ಕುಳಿತು ಕ್ರಿಯಾಪದವು ದಾರಿ ಕಾಣದೆ ನಿಲ್ಲುವುದು. ಮತ್ತೊಂದರಲ್ಲಿ ಇಂಗ್ಲಿಷಿನ ಹೆಸರುಗಳ ನಡುವೆ ಕನ್ನಡದ ಪ್ರತ್ಯಯಗಳು ಮಾತ್ರ ಉಳಿದಿರುವುವು. ಹೊರಗೆ ಇವೆರಡೂ ವಿರೋಧಿಗಳಂತೆ ಕಂಡರೂ ಒಳಗೆ ಒಂದೇ ದೋಷವಿದೆ. ಎರಡೂ ರೋಗಗಳನ್ನು ಒಂದು, ಎರಡು, ಮೂರೆಂದು ಪಟ್ಟಿಮಾಡುವುವು. ಗಂಟಲುಬೇನೆಯ ಕೆಳಗೆ ಲಕ್ಷಣ, ಚಿಕಿತ್ಸೆ. ರುಮ್ಯಾಟಿಕ್ ಜ್ವರದ ಕೆಳಗೆ ಲಕ್ಷಣ, ಚಿಕಿತ್ಸೆ. ಕವಾಟರೋಗದ ಕೆಳಗೆ ಲಕ್ಷಣ, ಚಿಕಿತ್ಸೆ. ಒಂದರಿಂದ ಮತ್ತೊಂದು ಹುಟ್ಟುವ ವಾಕ್ಯವು ಪಟ್ಟಿಯಲ್ಲಿ ಕಾಣೆಯಾಗುವುದು.

ಈ ದೋಷವನ್ನು ತಿದ್ದಲು ಹೊರಟವರು ಮತ್ತೊಂದು ಅತಿರೇಕಕ್ಕೆ ಹೋಗುವ ಅಪಾಯವೂ ಇದೆ. ಗಂಟಲುನೋವೆಲ್ಲವೂ ಹೃದಯವನ್ನು ಕೆಡಿಸುವುದೆಂದು ಹೆದರಿಸುವ ಗದ್ಯವು ಸತ್ಯಕ್ಕೆ ದೂರವಾದುದು. ಮಕ್ಕಳ ಗಂಟಲುನೋವುಗಳಲ್ಲಿ ಹೆಚ್ಚಿನವು ವೈರಸ್ಸಿನವು; ಸುಮಾರು ನಾಲ್ಕರಲ್ಲಿ ಒಂದು ಮಾತ್ರ ಎ ಗಣದ ಸರಗುಂಡಾಣುವಿನದು. ನೆಗಡಿ, ಕೆಮ್ಮುಗಳಿಲ್ಲದೆ ಜ್ವರವೂ, ಗಂಟಲಿನಲ್ಲಿ ಬಿಳಿಯ ಕೀವೂ, ಕುತ್ತಿಗೆಯಲ್ಲಿ ನೋಯುವ ಗಂಟುಗಳೂ ಇದ್ದರೆ ಸಂಶಯವು ಹೆಚ್ಚು. ನಿರ್ಣಯವು ವೈದ್ಯರದು, ಪರೀಕ್ಷೆಯದು. ಅನಾವಶ್ಯಕವಾಗಿ ಔಷಧವನ್ನು ಬೇಡುವ ಭಯವನ್ನು ಹುಟ್ಟಿಸುವುದೂ, ಆವಶ್ಯಕವಾದಾಗ ಔಷಧವನ್ನು ತಪ್ಪಿಸುವ ಅಜ್ಞಾನವನ್ನು ಉಳಿಸುವುದೂ ಸಮಾನವಾದ ತಪ್ಪುಗಳು. ವಿಂಗಡಣೆಯ ಜ್ಞಾನವು ಜನಸಾಮಾನ್ಯರಿಗೂ ಬೇಕಾಗುವುದು ಇದಕ್ಕಾಗಿಯೇ. "ಯಾವ ಗಂಟಲುನೋವು?" ಎಂದು ಕೇಳುವ ಬುದ್ಧಿಯು ವರ್ಗೀಕರಣದ ಫಲ.

ಒಳ್ಳೆಯ ಶಾಸ್ತ್ರಗದ್ಯವು ಈ ವಿಷಯವನ್ನು ಹೇಗೆ ಹೇಳೀತೆಂಬುದಕ್ಕೆ ದೊಡ್ಡ ಆಡಂಬರವೇನೂ ಬೇಕಿಲ್ಲ. ಗಂಟಲಿಗೆ ಸರಗುಂಡಾಣುವಿನ ಸೋಂಕು ತಗುಲಿತು. ನೋವು ಹೋಯಿತು, ಮದ್ದು ಕೊಡಲಿಲ್ಲ. ಮೂರು ವಾರಗಳ ಮೇಲೆ ಕೀಲು ಊದಿತು, ಅದೂ ಇಳಿಯಿತು. ಅಷ್ಟರಲ್ಲಿ ಗುಂಡಿಗೆಯ ಬಾಗಿಲಿಗೆ ಪೆಟ್ಟು ಬಿದ್ದಿತು. ಮತ್ತೆ ಮತ್ತೆ ಸೋಂಕಾದಂತೆ ಬಾಗಿಲು ಕೆಟ್ಟಿತು. ಇಷ್ಟು ಹೇಳಲು ಕನ್ನಡಕ್ಕೆ ಹೊಸದಾಗಿ ಕಟ್ಟಬೇಕಾದ ಶಬ್ದವು ಸರಗುಂಡಾಣುವೆಂಬ ಒಂದೇ. ಅದರ ಬದಲಾಗಿ ಸ್ಟ್ರೆಪ್ಟೊಕಾಕಸ್ ಎಂದರೂ ಅರ್ಥಕ್ಕೆ ಹಾನಿಯಿಲ್ಲ. ಉಳಿದುದೆಲ್ಲ ಮನೆಯ ಮಾತು. ಆದರೆ ಮೇಲ್ಕಂಡ ವಾಕ್ಯಗಳಲ್ಲಿ "ಮೇಲೆ", "ಅಷ್ಟರಲ್ಲಿ", "ಮತ್ತೆ", "ಅಂತೆ" ಎಂಬ ಚಿಕ್ಕ ಮಾತುಗಳನ್ನು ತೆಗೆದುಬಿಟ್ಟರೆ ಶಾಸ್ತ್ರವೇ ಉಳಿಯದು. ಕಾಲವನ್ನೂ ಕಾರಣವನ್ನೂ ಹೊರುವವು ಈ ಅವ್ಯಯಗಳು. ಪಾರಿಭಾಷಿಕ ಶಬ್ದಕೋಶವನ್ನು ರಚಿಸುವವರ ಕಣ್ಣಿಗೆ ಇವು ಬೀಳುವುದಿಲ್ಲ. ಗದ್ಯವನ್ನು ಬೋಧಿಸುವವರ ಕಣ್ಣಿಗೆ ಬೀಳಬೇಕು.

ಆದುದರಿಂದ ಶಾಸ್ತ್ರಗದ್ಯದ ಶಿಕ್ಷಣವು ವಿಜ್ಞಾನದ ಉಪಾಧ್ಯಾಯರಿಗೆ ಮಾತ್ರ ಬಿಟ್ಟ ಕೆಲಸವಲ್ಲ. ಕಾರ್ಯಕಾರಣಗಳನ್ನು ಜೋಡಿಸಿ ಒಂದು ಪರಿಚ್ಛೇದವನ್ನು ಬರೆಯುವ ಅಭ್ಯಾಸವನ್ನು ಭಾಷೆಯ ತರಗತಿಯಲ್ಲಿಯೇ ಮಾಡಿಸಬೇಕು. ರಾಜನ ಪ್ರಯಾಣವನ್ನೋ ಋತುವರ್ಣನೆಯನ್ನೋ ಬರೆಯಿಸುವಂತೆ ಒಂದು ಸೋಂಕಿನ ಪ್ರಯಾಣವನ್ನೂ ಬರೆಯಿಸಬಹುದು. ಆ ಪರಿಚ್ಛೇದವು ಸರಿಯಾಗಿದೆಯೇ ಎಂಬುದಕ್ಕೆ ಪರೀಕ್ಷೆಯೂ ಸುಲಭ: ಅದನ್ನು ಕೇಳಿದ ಮಗುವು ಮನೆಗೆ ಹೋಗಿ, ತಂಗಿಯ ಗಂಟಲುನೋವಿಗೂ ಅವಳ ಎದೆಗೂ ಏನು ಸಂಬಂಧವೆಂಬುದನ್ನು ತನ್ನ ತಾಯಿಗೆ ಹೇಳಬಲ್ಲದಾದರೆ ಗದ್ಯವು ಶುದ್ಧವಾಗಿದೆ.